ಡಯಾಲಿಸಿಸ್ ವಾರ್ಡಿನಲ್ಲಿ ಸಿಕ್ಕಿದ ಅಮ್ಮನಿಗೆ

ನಿಮ್ಮ ಹೆಸರು ಗೊತ್ತಿಲ್ಲ. ಪಕ್ಕದ ಬೆಡ್‌ನ ಯಜಮಾನರ ಜೊತೆ ಬರುತ್ತಿದ್ದಿರಿ, ಅಷ್ಟೇ ಗೊತ್ತು.

ಅಪ್ಪನಿಗೆ ವಾರಕ್ಕೆ 3 ಸಲ ಡಯಾಲಿಸಿಸ್, ಒಂದೊಂದು ಸಲಕ್ಕೂ ಸುಮಾರು 4 ಗಂಟೆ. ಸೂಜಿ ಚುಚ್ಚೋದನ್ನೂ ಸಹಿಸಿಕೊಂಡರು. ಆದರೆ ಬಾಳೆಹಣ್ಣು, ಎಳನೀರು ಬೇಡ, ಪೊಟ್ಯಾಸಿಯಂ ಜಾಸ್ತಿಯಾದರೆ ಹೃದಯಕ್ಕೇ ತೊಂದರೆ ಅಂದಾಗ ಮುಖ ಸಪ್ಪಗಾಯಿತು. ಸೋಮವಾರ ಈಶ್ವರನ ಗುಡಿಯ ಪ್ರಸಾದ ಬಿಟ್ಟವರೇ ಅಲ್ಲ ಅವರು. ನಾವು ತಡೆದರೆ, "ದೇವರ ಪ್ರಸಾದದಿಂದ ಏನಾಗುತ್ತೆ?" ಅಂತ ರೇಗುತ್ತಿದ್ದರು.

ನೀವು ವಾದಕ್ಕೇ ಇಳಿಯಲಿಲ್ಲ. "ಅಣ್ಣಾ, ಪ್ರಸಾದ ಕಣ್ಣಿಗೊತ್ತಿಕೊಂಡು ಮೊಮ್ಮಕ್ಕಳಿಗೆ ಕೊಡಿ. ತೀರ್ಥ ಒಂದು ಹನಿ ಸಾಕು. ನಮ್ಮನೇವರೂ ಹಾಗೇ ಮಾಡೋದು" ಅಂದಿರಿ. ಫಿಸ್ಟುಲಾ, ಅಂದರೆ ಡಯಾಲಿಸಿಸ್ ಸೂಜಿ ಚುಚ್ಚೋಕೆ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ ಜಾಗ, ಇರುವ ಕೈಯಲ್ಲಿ ಕೊಡ ಎತ್ತಬೇಡಿ, ಬಿಪಿ ನೋಡಿಸಬೇಡಿ ಅಂತ ನಿಮ್ಮ ಯಜಮಾನರ ತೋಳು ತೋರಿಸಿಯೇ ಹೇಳಿದಿರಿ. ಉಬ್ಬಿದ ಆ ನರದ ಮೇಲೆ ಅಪ್ಪನ ಬೆರಳಿಡಿಸಿ, ಒಳಗೆ ಜುಮ್ಮೆನ್ನುವುದನ್ನು ಮುಟ್ಟಿ ನೋಡಿಸಿದಿರಿ.

ಡಾಕ್ಟರೂ ಇದನ್ನೇ ಹೇಳಿದ್ದರು, ಸುಳ್ಳಲ್ಲ. ನಾಟಿದ್ದು ಮಾತ್ರ ನಿಮ್ಮ ಮಾತು. ಈಗ ಅಪ್ಪ ಹೊಸಬರಿಗೆಲ್ಲ ಪಾಠ ಮಾಡುತ್ತಾರೆ, ಸ್ವಲ್ಪ ಜಾಸ್ತೀನೇ!

ತುಂಬಾ ಥ್ಯಾಂಕ್ಸ್ ಅಮ್ಮಾ. ಸೋಮವಾರ ನಿಮ್ಮ ಯಜಮಾನರಿಗೂ ಒಂದು ಅರ್ಚನೆ ಮಾಡಿಸುತ್ತಿದ್ದೇವೆ. ಹೆಸರು, ನಕ್ಷತ್ರ ಗೊತ್ತಿಲ್ಲ ಅಂದರೆ ಅರ್ಚಕರು ಪರವಾಗಿಲ್ಲ ಅಂದರು.