ಹುಲ್ಲು ಮಲಗಿರುವ ಹೊತ್ತಿನಲ್ಲಿ

ಪ್ರೀತಿಯ ಅಪ್ಪ, ಅಮ್ಮನಿಗೆ,

ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಮೊನ್ನೆ ಫೋನಿನಲ್ಲಿ ಅಪ್ಪ, ನೀವು "ಮಳೆನೇ ಇಲ್ಲ ಅಂತೀಯ, ಹುಲ್ಲು ಕತ್ತರಿಸೋ ಕೆಲಸ ಹೇಗೆ ನಡೀತಿದೆ?" ಅಂತ ಕೇಳಿದಿರಿ. ನಾನು "ನಡೀತಿದೆ" ಅಂದು ಸುಮ್ಮನಾದೆ. ಆಗ ಗಿರಾಕಿಯೊಬ್ಬರ ಅಂಗಳದಲ್ಲಿ ನಿಂತಿದ್ದೆ, ಜಾಸ್ತಿ ಮಾತಾಡೋಕೆ ಆಗಲಿಲ್ಲ. ಆದರೆ ಆ ಪ್ರಶ್ನೆಗೆ ಒಂದು ಮಾತಿನ ಉತ್ತರ ಸಾಲದು ಅಂತ ರಾತ್ರಿಯೆಲ್ಲ ಅನಿಸಿತು. ಅದಕ್ಕೇ ಈ ಪತ್ರ.

ನಿಜ ಹೇಳಬೇಕೆಂದರೆ ಕಷ್ಟವಾಗಿದೆ. ನಾನು ಇಷ್ಟು ದಿನ ಒಂದೊಂದು ಸಲ ಕತ್ತರಿಸಿದ್ದಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಿದ್ದೆ. ಹುಲ್ಲು ಬೆಳೆದರೆ ಸಂಪಾದನೆ, ಬೆಳೆಯದಿದ್ದರೆ ಇಲ್ಲ. ಗಾಡಿಯ ಕಂತು, ವಿಮೆ, ಜೊತೆಗಿರುವ ಹುಡುಗನ ಸಂಬಳ ಮಾತ್ರ ಮಳೆ ನೋಡಿಕೊಂಡು ಬರುವುದಿಲ್ಲ. ವಸಂತದಲ್ಲಿ ವಾರಕ್ಕೊಮ್ಮೆ ಹೋಗುತ್ತಿದ್ದ ಮನೆಗಳಿಗೆ ಈಗ ಮೂರು ವಾರಕ್ಕೊಮ್ಮೆ ಹೋದರೂ ಮೆಷಿನ್ನಿಗೆ ಸಿಗುವಷ್ಟು ಹುಲ್ಲು ಇರುವುದಿಲ್ಲ.

ಅಮ್ಮ, ನೀನು ಅವತ್ತು ಫೋಟೋ ನೋಡಿ "ಎಲ್ಲಾ ಸತ್ತೇ ಹೋಗಿದೆಯಲ್ಲೋ" ಅಂದೆ ಅಲ್ವಾ. ಸತ್ತಿಲ್ಲ ಅಮ್ಮ, ಮಲಗಿದೆ. ಇಲ್ಲಿ ಹೆಚ್ಚಿನ ಮನೆಗಳಲ್ಲಿ ಇರುವುದು ತಂಪು ಕಾಲದ ಹುಲ್ಲು, ಕೆಂಟಕಿ ಬ್ಲೂಗ್ರಾಸ್ ಅಂತಾರೆ. ಬಿಸಿಲು ಜೋರಾಗಿ ನೀರು ಕಡಿಮೆಯಾದರೆ ಅದು ಎಲೆಯನ್ನು ಒಣಗಲು ಬಿಟ್ಟು ಬುಡದಲ್ಲಿ ಜೀವ ಹಿಡಿದುಕೊಂಡು ಕೂರುತ್ತದೆ. ಬೇರಿಗೂ ಎಲೆಗೂ ನಡುವೆ, ಮಣ್ಣಿನ ಮಟ್ಟದಲ್ಲಿ ಒಂದು ಸಣ್ಣ ಗಂಟು ಇರುತ್ತದೆ. ಮೊನ್ನೆ ಒಂದು ಅಂಗಳದಲ್ಲಿ ಮಂಡಿಯೂರಿ ಕೂತು ಒಂದು ಬುಡ ಕಿತ್ತು ಉಗುರಿನಿಂದ ಒಣ ಸಿಪ್ಪೆ ಬಿಡಿಸಿದೆ. ಮೇಲೆಲ್ಲ ಹುರಿ ಕಟ್ಟಿದ ನಾರಿನ ಹಾಗೆ ಗರಗರ ಅನ್ನುತ್ತಿತ್ತು, ಒಳಗೆ ಮಾತ್ರ ಅಕ್ಕಿಕಾಳಿನಷ್ಟು ಬೆಳ್ಳಗೆ, ಗಟ್ಟಿಯಾಗಿ, ತೇವವಾಗಿ ಇತ್ತು. ಅದನ್ನು ಮನೆಯವರ ಅಂಗೈ ಮೇಲಿಟ್ಟು ತೋರಿಸಿದೆ. "ಇದು ಬೆಳ್ಳಗಿರುವವರೆಗೂ ನಿಮ್ಮ ಲಾನ್ ಬದುಕಿದೆ, ಕಂದು ಬಣ್ಣಕ್ಕೆ ತಿರುಗಿ ಪುಡಿಯಾದರೆ ಮಾತ್ರ ಹೋಯಿತು ಅಂತ ಲೆಕ್ಕ" ಅಂದೆ. ಪೂರ್ತಿ ಕಿತ್ತುಹಾಕಿಸಬೇಕು ಅಂತ ಇದ್ದವರು, ಮಳೆಗಾಲ ನೋಡಿ ಆಮೇಲೆ ಯೋಚಿಸೋಣ ಅಂದರು.

ನಮ್ಮ ಗರಿಕೆಯನ್ನೇ ಇಲ್ಲಿ ಬರ್ಮುಡಾ ಗ್ರಾಸ್ ಅಂತ ಕರೆಯುತ್ತಾರೆ, ಗೊತ್ತಾ ಅಪ್ಪ? ಅದಾಗಿದ್ದರೆ ಈ ಬಿಸಿಲನ್ನು ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತಿತ್ತು. ಆದರೆ ಚಳಿ ಬಂದರೆ ಕಂದಾಗಿಬಿಡುತ್ತದೆ, ಹಾಗಾಗಿ ಇಲ್ಲಿ ಯಾರೂ ಹಾಕುವುದಿಲ್ಲ.

ಒಂದು ತಪ್ಪು ಮಾಡಿದೆ, ಅದನ್ನೂ ಬರೆಯುತ್ತೇನೆ. ಬೇಸಿಗೆ ಶುರುವಿನಲ್ಲಿ ಕೈಯಲ್ಲಿ ದುಡ್ಡಿಲ್ಲದ ಒಂದು ವಾರ, ಕತ್ತರಿಸುವಂಥದ್ದು ಏನೂ ಇಲ್ಲದ ಒಂದು ಅಂಗಳಕ್ಕೆ ಮಧ್ಯಾಹ್ನ ಮೆಷಿನ್ ಇಳಿಸಿದೆ. ನೀರಿಲ್ಲದ ಹುಲ್ಲಿನ ಮೇಲೆ ನಡೆದರೆ ಹೆಜ್ಜೆ ಗುರುತು ಹಾಗೇ ಉಳಿಯುತ್ತದೆ, ಎಲೆ ಮತ್ತೆ ಎದ್ದು ನಿಲ್ಲುವುದಿಲ್ಲ. ಬಣ್ಣವೂ ಹಸಿರು ಬಿಟ್ಟು ಸ್ವಲ್ಪ ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಎರಡೂ ಕಣ್ಣಿಗೆ ಕಾಣುತ್ತಿತ್ತು, ಆದರೂ ಓಡಿಸಿದೆ. ನಾಲ್ಕು ದಿನ ಬಿಟ್ಟು ನೋಡಿದರೆ ಚಕ್ರ ಹೋದ ದಾರಿಯಲ್ಲೆಲ್ಲ ಎರಡೆರಡು ಕಂದು ಗೆರೆ, ಸ್ಕೇಲ್ ಇಟ್ಟು ಎಳೆದ ಹಾಗೆ. ಮನೆಯವರಿಗೆ ನಾನೇ ಹೋಗಿ ಹೇಳಿದೆ, ಇದು ಬರದ್ದಲ್ಲ, ನನ್ನ ಮೆಷಿನ್ನಿನದು ಅಂತ. ದುಡ್ಡು ವಾಪಸ್ ಕೊಟ್ಟೆ. ಅವರು ಬೈಯಲಿಲ್ಲ. ಆದರೆ ಆ ಗೆರೆ ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ಅಲ್ಲಿಂದ ಮುಂದೆ ಎಲ್ಲರಿಗೂ ನಾನೇ ಫೋನ್ ಮಾಡಿ ಹೇಳುತ್ತಿದ್ದೇನೆ, ಈ ವಾರ ಕತ್ತರಿಸುವುದು ಬೇಡ ಅಂತ. ಇನ್ನೂ ಸ್ವಲ್ಪ ಹಸಿರು ಇರುವ ಕಡೆ ಬ್ಲೇಡ್ ಮೇಲೆತ್ತಿ 3ರಿಂದ 4 ಇಂಚು ಉದ್ದ ಬಿಡುತ್ತೇನೆ. ಉದ್ದ ಹುಲ್ಲು ಮಣ್ಣಿಗೆ ನೆರಳು ಕೊಡುತ್ತದೆ, ಬೇರೂ ಆಳಕ್ಕೆ ಇಳಿಯುತ್ತದೆ. ಒಂದೇ ಸಲಕ್ಕೆ ಎಲೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯುವುದಿಲ್ಲ. ಕತ್ತರಿಸಿದ್ದನ್ನು ಬಾಚಿ ಒಯ್ಯದೆ ಅಲ್ಲೇ ಬಿಡುತ್ತೇನೆ, ಅದೇ ಗೊಬ್ಬರ. ಬ್ಲೇಡಿಗೆ ಮೊದಲಿಗಿಂತ ಹೆಚ್ಚು ಸಲ ಸಾಣೆ ಹಿಡಿಯುತ್ತೇನೆ, ಯಾಕೆಂದರೆ ಮೊಂಡು ಬ್ಲೇಡ್ ಹುಲ್ಲನ್ನು ಕತ್ತರಿಸುವುದಿಲ್ಲ, ಹರಿದುಹಾಕುತ್ತದೆ, ಹರಿದ ತುದಿ ಬೆಳ್ಳಗಾಗಿ ಇನ್ನಷ್ಟು ನೀರು ಕಳೆದುಕೊಳ್ಳುತ್ತದೆ. "ಗೊಬ್ಬರ ಹಾಕಿ, ಹಸಿರಾಗಲಿ" ಅಂತ ಕೇಳುವವರಿಗೆ ಕೈ ಮುಗಿದು ಬೇಡ ಅನ್ನುತ್ತೇನೆ. ಯೂರಿಯಾ ಕೊಟ್ಟು ಮಲಗಿರುವ ಗಿಡವನ್ನು ಎಬ್ಬಿಸಿದರೆ ಕುಡಿಯೋಕೆ ನೀರು ಎಲ್ಲಿಂದ ತರೋದು?

ನೀರಿನ ವಿಷಯವೇ ದೊಡ್ಡದು. ನೂರು ಚದರ ಮೀಟರ್ ಲಾನಿಗೆ ವಾರಕ್ಕೆ 25 ಮಿಲಿಮೀಟರ್ ನೀರು ಕೊಡಬೇಕು ಅಂದರೆ 2,500 ಲೀಟರ್ ಆಯಿತು. ಹುಲ್ಲಿಗೆ ಅಷ್ಟು ನೀರು ಅಂತ ಬರೆಯುವಾಗಲೇ ಕೈ ತಡೆಯುತ್ತದೆ, ಅಪ್ಪ. ಇಲ್ಲಿ ಲಾನಿಗೆ ನೀರು ಬಿಡುವ ದಿನಗಳನ್ನು ಕಡಿಮೆ ಮಾಡಿದ್ದಾರೆ, ಅದು ಸರಿಯೇ. ಬುಡ ಸಾಯದಿರಲು ಎರಡು ಮೂರು ವಾರಕ್ಕೊಮ್ಮೆ 12 ಮಿಲಿಮೀಟರ್ ಸಾಕು. ಹಸಿರಾಗುವುದಿಲ್ಲ, ಬದುಕುತ್ತದೆ. ಇದನ್ನು ಗಿರಾಕಿಗಳಿಗೆ ಒಪ್ಪಿಸುವುದೇ ಈಗ ನನ್ನ ಅರ್ಧ ಕೆಲಸ. ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸುತ್ತಾರೆ, ಬೇರು ಮೇಲೆ ಮೇಲೆಯೇ ಉಳಿದು ಬಿಸಿಲಿಗೆ ಬೇಯುತ್ತದೆ.

ಇನ್ನರ್ಧ ಕೆಲಸ ಸ್ಪ್ರಿಂಕ್ಲರ್ ತಪಾಸಣೆ. ಇದು ಹೊಸದು, ಇದರಿಂದಲೇ ಈಗ ಮನೆ ನಡೆಯುತ್ತಿದೆ. ಅಂಗಳದಲ್ಲಿ ಅಲ್ಲಲ್ಲಿ ಒಂದೇ ಅಳತೆಯ ಖಾಲಿ ಡಬ್ಬಿ ಇಟ್ಟು ಹದಿನೈದು ನಿಮಿಷ ನೀರು ಬಿಡುತ್ತೇವೆ, ಆಮೇಲೆ ಸ್ಕೇಲಿನಿಂದ ಅಳೆಯುತ್ತೇವೆ. ಹೋದ ವಾರ ಒಂದು ಮನೆಯಲ್ಲಿ ಗೋಡೆ ಪಕ್ಕದ ಡಬ್ಬಿಯಲ್ಲಿ 2 ಮಿಲಿಮೀಟರ್, ರಸ್ತೆ ಪಕ್ಕದ್ದರಲ್ಲಿ 9. ನೋಡಿದರೆ ಒಂದು ಮೂತಿ ವಾಲಿಕೊಂಡು ಫುಟ್‌ಪಾತಿಗೆ ನೀರು ಹಾಕುತ್ತಿದೆ, ಯಾವಾಗಿನಿಂದಲೋ. ಹುಡುಗನೇ ಮಣ್ಣು ಬಗೆದು ನೆಟ್ಟಗೆ ಮಾಡಿದ. ಇಳಿಜಾರು ಇದ್ದ ಕಡೆ ಒಂದೇ ಸಮನೆ ಬಿಡದೆ, ಹತ್ತು ನಿಮಿಷ ಬಿಟ್ಟು, ನಿಲ್ಲಿಸಿ, ಇಂಗಿದ ಮೇಲೆ ಮತ್ತೆ ಹತ್ತು ನಿಮಿಷ ಬಿಡುವ ಹಾಗೆ ಟೈಮರ್ ಇಟ್ಟು ಬಂದೆವು. ಇದೆಲ್ಲ ಬೆಳಗಿನ ಜಾವವೇ ಮುಗಿಯಬೇಕು, ಬಿಸಿಲೇರಿದರೆ ಅರ್ಧ ನೀರು ಗಾಳಿಪಾಲು.

ಹುಡುಗನನ್ನು ಬಿಡಿಸಲಿಲ್ಲ. ಅಣ್ಣ ಬಿಡಿಸು ಅಂದಿದ್ದ, ಅವನು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೆ ಮೂರು ವರ್ಷ ನನ್ನ ಜೊತೆ ದುಡಿದವನು, ಎರಡು ತಿಂಗಳು ನನ್ನ ಪಾಲು ಕಡಿಮೆ ಮಾಡಿಕೊಂಡೆ, ಅಷ್ಟೇ. ಈ ಸಲ ಮನೆಗೆ ದುಡ್ಡು ಕಳಿಸುವುದು ತಡವಾಗಿದ್ದಕ್ಕೂ ಅದೇ ಕಾರಣ. ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ಮುಂದಿನ ವರ್ಷದಿಂದ ಕತ್ತರಿಸಿದ ಲೆಕ್ಕ ಬಿಟ್ಟು ವರ್ಷದ ಲೆಕ್ಕಕ್ಕೆ ಬರೋಣ ಅಂತ ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದೇನೆ. ತಿಂಗಳಿಗೆ ಒಂದೇ ಮೊತ್ತ, ಯಾವ ಕಾಲಕ್ಕೆ ಏನು ಬೇಕೋ ಅದನ್ನು ಮಾಡುವುದು. ಹನ್ನೊಂದು ಮನೆಯವರು ಒಪ್ಪಿದ್ದಾರೆ. ಕೆಲವರು ಬಿಟ್ಟೂ ಹೋದರು. ಬಿಸಿಲು ಇಳಿದು ಮೊದಲ ತಂಪು ಬಂದಾಗ ಗಟ್ಟಿಯಾದ ಮಣ್ಣಿಗೆ ತೂತು ಹಾಕಿ ಬೋಳಾದ ಕಡೆ ಬೀಜ ಎರಚಬೇಕು. ಆ ಚಕ್ರದ ಗೆರೆಯ ಅಂಗಳ ಇದೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ.

ಅಪ್ಪ, ಮಧ್ಯಾಹ್ನದ ಬಿಸಿಲಿನಲ್ಲಿ ಓಡಾಡಬೇಡಿ. ಅಮ್ಮ, ಮಂಡಿ ನೋವು ಹೇಗಿದೆ ಅಂತ ಅಣ್ಣನ ಕೈಯಲ್ಲಿ ನಿಜವಾದದ್ದನ್ನೇ ಬರೆಸು. ನಾಳೆ ಐದಕ್ಕೆ ಏಳಬೇಕು, ಡಬ್ಬಿಗಳನ್ನೆಲ್ಲ ತೊಳೆದು ಗಾಡಿಯಲ್ಲಿ ಇಟ್ಟಾಗಿದೆ.

ನಿಮ್ಮ ಪ್ರೀತಿಯ ಮಗ