ಬಾಗಿಲಿನ ಚಿಂತೆ ಬಿಡು, ಅಪ್ಪಯ್ಯನ ವಿಷಯ ಬರಿ

ಆಪಲ್ಟನ್, ವಿಸ್ಕಾನ್ಸಿನ್
ಫೆಬ್ರವರಿ 22

ಅಮ್ಮನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ಸವಿತಾ, ಪುಟ್ಟಿ ಆರಾಮಾಗಿದ್ದಾರೆ. ನಿನ್ನ ಪತ್ರದ ಫೋಟೋ ಗಿರೀಶ ಕಳಿಸಿದ. ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕ್ತೀಯ, ಅಪ್ಪಯ್ಯ ಪಕ್ಕದ ಕುರ್ಚಿಯಲ್ಲೇ ಕೂತಿರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಗಿರೀಶ ಪ್ರಿಂಟ್ ತೆಗೆಸಿ ನಿನ್ನ ಕೈಗೇ ಕೊಡುತ್ತಾನೆ. ಓದಿ ಟೀವಿ ಹತ್ತಿರ ಇಡಬೇಡ ಮತ್ತೆ.

ಮೊದಲು ಬಾಗಿಲಿನ ವಿಷಯ ಮುಗಿಸಿಬಿಡುತ್ತೇನೆ. ಇಡೀ ಪತ್ರ ಅದನ್ನೇ ಬರೆದಿದ್ದೀಯ. ಮನೆಯಲ್ಲಿ ಕಟ್ಟಿದ ವಿಮಾನದ ಬಾಗಿಲು ಆಕಾಶದಲ್ಲಿ ಕಿತ್ತುಹೋಯಿತು ಅಂತ ಶ್ರೀಧರ ಮಾವ ಯೂಟ್ಯೂಬಿನಲ್ಲಿ ತೋರಿಸಿದರಂತೆ. ಮಾವ ಸುಳ್ಳು ಹೇಳಿಲ್ಲ. ನಾನು ಗ್ಯಾರೇಜಿನಲ್ಲಿ ಕಟ್ಟುತ್ತಿರುವ ಈ ಪುಟ್ಟ ವಿಮಾನ ಆರ್‌ವಿ-10ರಲ್ಲೇ ಹಾಗೆ ಆಗಿದ್ದುಂಟು. ಆದರೆ ಯಾಕೆ ಆಯಿತು ಅಂತ ಅವರು ಹೇಳಲಿಲ್ಲ ಅಲ್ವಾ? ಕೇಳು.

ಈ ಬಾಗಿಲು ಗಿರೀಶನ ಕಾರಿನ ಡಿಕ್ಕಿಯ ಹಾಗೆ ಮೇಲಕ್ಕೆ ಏಳುತ್ತದೆ. ಬಿಜಾಗರಿ ಇರುವುದು ಮೇಲೆ, ಮಾಡಿನಲ್ಲಿ. ಹಿಡಿ ತಿರುಗಿಸಿದರೆ ಒಳಗಿನ ಹಲ್ಲುಚಕ್ರ ಎರಡು ಅಗುಳಿಗಳನ್ನು ತಳ್ಳುತ್ತದೆ, ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಎರಡೂ ಚೌಕಟ್ಟಿನ ತೂತಿಗೆ ಹೋಗಿ ಕೂರಬೇಕು. ಬಾಗಿಲು ಸ್ವಲ್ಪ ಸೊಟ್ಟಗಿದ್ದರೆ ಅಥವಾ ಅವಸರದಲ್ಲಿ ಸರಿಯಾಗಿ ಎಳೆದುಕೊಳ್ಳದಿದ್ದರೆ ಹಿಂದಿನ ಅಗುಳಿ ತೂತು ತಪ್ಪಿ ಹೊರಗೇ ಉಳಿಯುತ್ತದೆ. ಹಿಡಿ ಮಾತ್ರ ಪೂರ್ತಿ ತಿರುಗಿರುತ್ತದೆ. ಒಳಗೆ ಕೂತವನು ಹಾಕಿದೆ ಅಂದುಕೊಂಡು ಹೊರಟೇ ಬಿಡುತ್ತಾನೆ. ವೇಗ ಹಿಡಿದ ಮೇಲೆ ಮಾಡಿನ ಮೇಲೆ ಹಾಯುವ ಗಾಳಿ ಬಾಗಿಲನ್ನು ಹೊರಕ್ಕೆ ಎಳೆಯುತ್ತದೆ. ಆಗಿದ್ದು ಇಷ್ಟೇ. ಆಮೇಲೆ ಕಂಪನಿಯವರೇ ಇನ್ನೊಂದು ಕೊಕ್ಕೆ ಕೊಟ್ಟರು, ಅಗುಳಿ ಕೈಕೊಟ್ಟರೂ ಬಾಗಿಲು ಹಾರಿಹೋಗದ ಹಾಗೆ. ಅದಲ್ಲದೆ ನಾನು ಅಗುಳಿ ಕೂರುವ ಜಾಗದಲ್ಲೆಲ್ಲ ಒಂದೊಂದು ಸ್ವಿಚ್ ಇಡುತ್ತಿದ್ದೇನೆ. ಎಲ್ಲ ಅಗುಳಿ ಒಳಗೆ ಹೋಗುವ ತನಕ ಎದುರಿಗೆ ಕೆಂಪು ದೀಪ ಆರುವುದಿಲ್ಲ. ನಮ್ಮನೆ ಹೆಬ್ಬಾಗಿಲಿಗೂ ಇಷ್ಟು ಭದ್ರ ಇಲ್ಲ ಅಮ್ಮ. ನಿಜವಾಗಿ ಹೇಳ್ತೀನಿ, ಏನೂ ಆಗುವುದಿಲ್ಲ. ಏನೇನೂ ಆಗುವುದಿಲ್ಲ.

ಅಂಗಡಿಯಲ್ಲಿ ರೆಡಿ ಬಾಗಿಲು ಸಿಗುವುದಿಲ್ವಾ ಅಂತ ಕೇಳಿದ್ದೀಯ. ಸಿಗುತ್ತದೆ, ಆದರೆ ಅರ್ಧರ್ಧ. ಒಳಗಿನದು ಒಂದು ಚಿಪ್ಪು, ಹೊರಗಿನದು ಒಂದು, ಎರಡೂ ಫೈಬರ್‌ಗ್ಲಾಸ್. ಎಪಾಕ್ಸಿ ಗೋಂದಿಗೆ ಹತ್ತಿಯ ಪುಡಿ ಕಲಸಿ ಅಂಟಿಸಬೇಕು. ಅದೂ ಬೆಂಚಿನ ಮೇಲಲ್ಲ, ವಿಮಾನದ ಮೈಮೇಲೇ ಬಿಗಿದಿಟ್ಟು ಒಣಗಿಸಬೇಕು. ಆಗಲೇ ಬಾಗಿಲಿಗೆ ಅದರ ಬಾಗು ಬರುವುದು. ಇಲ್ಲಿ ಹೊರಗೆ ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗೆ. ಚಳಿಗೆ ಎಪಾಕ್ಸಿ ಗಟ್ಟಿಯೇ ಆಗುವುದಿಲ್ಲ. ಗ್ಯಾರೇಜಿಗೆ ಹೀಟರ್ ಹಾಕಿ, ಬಾಗಿಲಿಗೆ ಹಳೇ ರಜಾಯಿ ಹೊದಿಸಿದ್ದೆ. ಸವಿತಾ ನೋಡಿ, ಬಾಣಂತನ ಚೆನ್ನಾಗಿ ಮಾಡ್ತಿದೀರಿ ಅಂದಳು.

ಎಷ್ಟು ಜಾಗ್ರತೆ ಮಾಡಿದರೂ ಕೆಳಗಿನ ಹಿಂದಿನ ಮೂಲೆ ಹೊರಕ್ಕೆ ನಿಲ್ಲುತ್ತದೆ. ಎಲ್ಲರಿಗೂ ಅದೇ ಮೂಲೆಯಂತೆ ಕಾಟ. ರಾತ್ರಿ ಗ್ಯಾರೇಜಿನ ಲೈಟ್ ಆರಿಸಿ, ಪುಟ್ಟಿಯನ್ನು ಟಾರ್ಚ್ ಕೊಟ್ಟು ಒಳಗೆ ಕೂರಿಸುತ್ತೇನೆ. ಅವಳು ಸಂದಿಯ ಉದ್ದಕ್ಕೂ ಬೆಳಕು ಹಾಯಿಸುತ್ತಾಳೆ. ಹೊರಗೆ ಎಲ್ಲಿ ದಪ್ಪ ಬೆಳಕು, ಎಲ್ಲಿ ಗೆರೆಯಷ್ಟು, ಎಲ್ಲಿ ಏನೂ ಇಲ್ಲ ಅಂತ ನೋಡಿ ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಏನೂ ಕಾಣದ ಕಡೆ ಉಜ್ಜಬೇಕು, ದಪ್ಪ ಕಂಡ ಕಡೆ ತುಂಬಬೇಕು. ಬಾಗಿಲು ತೆಗಿ, ಉಜ್ಜು, ಮತ್ತೆ ಕೂರಿಸು. ಆ ಪುಡಿ ಮೈಗೆ ತಾಗಿದರೆ ನವೆಯೋ ನವೆ. ಮಾಸ್ಕು, ಮೈತುಂಬಾ ಬಿಳಿ ಅಂಗಿ ಎಲ್ಲ ಹಾಕುತ್ತೇನೆ, ಅದನ್ನು ಕೇಳಬೇಡ. ಬಟ್ಟೆ ಗ್ಯಾರೇಜಿನಲ್ಲೇ ಬಿಚ್ಚಿ ಬರಬೇಕು ಅಂತ ಸವಿತಾಳ ಆರ್ಡರ್.

ವಿಮಾನದ ಬಿಡಿಭಾಗಗಳ ಕಿಟ್ ಅಂದರೆ ಆಟದ ಸಾಮಾನು ಅಂದುಕೊಳ್ಳಬೇಡ. ಆರೆಗನ್ ರಾಜ್ಯದ ಅರೋರಾ ಅನ್ನುವ ಊರಿನ ಕಂಪನಿ ಇದು. ಅವರ ಕಿಟ್‌ಗಳಿಂದ ಜನ 11,000ಕ್ಕೂ ಹೆಚ್ಚು ವಿಮಾನ ಕಟ್ಟಿ ಹಾರಿಸಿದ್ದಾರೆ. ಇಲ್ಲಿಯ ಕಾನೂನು ಏನು ಗೊತ್ತಾ? ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳು ಕೈಯಾರೆ ಮಾಡಿದ್ದಾಗಿರಬೇಕು, ಇಲ್ಲದಿದ್ದರೆ ಈ ಲೈಸೆನ್ಸೇ ಇಲ್ಲ! ಸರ್ಕಾರದ ಕಡೆಯವರು ಬಂದು ನೋಡಿ ಒಪ್ಪಬೇಕು. ಆಮೇಲೂ ಪರೀಕ್ಷೆಯ ಹಾರಾಟ ಮುಗಿಯುವ ತನಕ ಸುಮ್ನೆ ಜೊತೆಗೆ ಅಂತ ಯಾರನ್ನೂ ಕೂರಿಸಿಕೊಳ್ಳುವ ಹಾಗಿಲ್ಲ. ಒಳಗೆ ಹತ್ತುವ ಕಡೆ ‘ಎಕ್ಸ್‌ಪೆರಿಮೆಂಟಲ್’ (ಅಂದರೆ ಪ್ರಯೋಗದ್ದು) ಅಂತ ಎರಡು ಇಂಚಿನ ಅಕ್ಷರದಲ್ಲಿ ಬರೆಸಬೇಕು. ಇದನ್ನು ಮಾವನಿಗೆ ಹೇಳಬೇಡ.

ಹೋದ ಶನಿವಾರ ಇ.ಎ.ಎ. ಅನ್ನುವ, ಮನೆಯಲ್ಲಿ ವಿಮಾನ ಕಟ್ಟುವವರ ಸಂಘದಿಂದ ಒಬ್ಬ ಅಜ್ಜ ಬಂದು ಬಾಗಿಲು ನೋಡಿದರು. ಪ್ರತಿ ಜುಲೈನಲ್ಲಿ ಆಶ್‌ಕಾಶ್‌ನಲ್ಲಿ ವಿಮಾನಗಳ ದೊಡ್ಡ ಜಾತ್ರೆ ಮಾಡುವವರು ಇವರೇ. ಅಜ್ಜ ಕಾಸು ತಗೊಳ್ಳುವುದಿಲ್ಲ. ತಾವೇ ಒಂದು ಪೊಟ್ಟಣ ತಾಜಾ ಚೀಸ್ ತಂದಿದ್ದರು. ಕಚ್ಚಿದರೆ ಕಿಂಯ್ ಅನ್ನುತ್ತದೆ, ಸದ್ದು ಬಂದರೆ ತಾಜಾ ಅಂತ ಲೆಕ್ಕವಂತೆ. ಬೆರಳು ಆಡಿಸಿ ಬಾಗಿಲ ಸುತ್ತ ಒಂದು ಸುತ್ತು ಬಂದರು, ಆ ಮೂಲೆಯಲ್ಲಿ ನಿಂತರು, ಇನ್ನೂ ಸ್ವಲ್ಪ ಅಂದರು. ಆಮೇಲೆ ವಿನ್ನೆಬೇಗೊ ಕೆರೆಗೆ ಹೊರಟರು. ಕೆರೆ ಹೆಪ್ಪುಗಟ್ಟಿದೆ. ಅದರ ಮೇಲೆ ಕಾರು ಓಡಿಸಿಕೊಂಡು ಹೋಗಿ, ಒಂದು ಗೂಡಿನೊಳಗೆ ಕತ್ತಲೆ ಮಾಡಿ ಕೂತು, ಮಂಜುಗಡ್ಡೆ ಕೊರೆದ ತೂತಿನಲ್ಲಿ ಈಟಿ ಹಿಡಿದು ಕಾಯುತ್ತಾರೆ. ಒಂದೊಂದು ಸ್ಟರ್ಜನ್ ಮೀನು ಆಳಿಗಿಂತ ಉದ್ದ ಇರುತ್ತದಂತೆ. ಮೀನಿನ ಮಾತು ನಿನಗೆ ಬೇಡ, ಬಿಡು.

ಈಗ ಹೇಳು. ಇಷ್ಟೆಲ್ಲ ಬರೆದು, ಕೊನೆಗೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ತುರುಕಿದ್ದೀಯ. ಅಪ್ಪಯ್ಯನ ಹರ್ನಿಯಾ ಗಂಟು ಈಗ ಮಲಗಿದರೂ ಒಳಗೆ ಹೋಗುತ್ತಿಲ್ಲ ಅಂತ. ಮೊದಲು ಬರೆಯಬೇಕಾದ್ದು ಅದಲ್ವಾ ಅಮ್ಮ? ಯಾವತ್ತಿಂದ? ನೋವು ಇದೆಯಾ? ಶಿವಮೊಗ್ಗದ ಡಾಕ್ಟರು ದಸರಾದಲ್ಲೇ ಆಪರೇಷನ್ ಆಗಲಿ ಅಂದಿದ್ದರು. ಆಗ ಅಪ್ಪಯ್ಯ ಕೊನೆಕೊಯ್ಲು ಮುಗೀಲಿ ಅಂದರು. ಕೊಯ್ಲು ಮುಗಿದು, ಅಡಿಕೆ ಒಣಗಿ, ಮಂಡಿಗೂ ಹೋಯಿತು. ಈಗೇನು?

ಗಿರೀಶ ಹೇಳಿದ. ಅವನು ವಿಮಾನಕ್ಕೆ ದುಡ್ಡು ಸುರಿದು ಕೂತಿದಾನೆ, ಈಗ ಕೇಳೋದು ಸರಿಯಲ್ಲ ಅಂದರಂತೆ ಅಪ್ಪಯ್ಯ. ಇದನ್ನು ಕೇಳಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಿಟ್ಟನ್ನು ಒಂದೇ ಸಲ ಕೊಂಡಿದ್ದಲ್ಲ. ಬಾಲ ಒಂದು ಸಲ, ರೆಕ್ಕೆ ಒಂದು ಸಲ, ಹೀಗೆ ಕೈಯಲ್ಲಿ ಆದಾಗ ಕೊಂಡಿದ್ದು. ಸಾಲ ಇಲ್ಲ. ಎಂಜಿನ್ ಇನ್ನೂ ತಗೊಂಡಿಲ್ಲ, ಅದಕ್ಕೆ ಎತ್ತಿಟ್ಟ ದುಡ್ಡು ಬ್ಯಾಂಕಿನಲ್ಲೇ ಇದೆ. ಎಂಜಿನ್ ಮುಂದಿನ ವರ್ಷ ತಗೊಂಡರೆ ಯಾರೂ ಬೈಯುವುದಿಲ್ಲ. ಗಿರೀಶನ ಅಕೌಂಟಿಗೆ ಇವತ್ತೇ ಹಾಕಿದ್ದೇನೆ. ಸಾಲದಿದ್ದರೆ ಇನ್ನೂ ಹಾಕುತ್ತೇನೆ. ತೋಟದ ದುಡ್ಡು ಮುಟ್ಟಬೇಡಿ.

ಅಪ್ಪಯ್ಯನಿಗೆ ಬೆಲ್ಟ್ ಕಟ್ಟಿಕೊಂಡರೆ ಸಾಕಂತೆ. ನನ್ನ ಬಾಗಿಲಿಗೆ ಎರಡನೇ ಕೊಕ್ಕೆ ಇದೆಯಾ ಅಂತ ನಿನ್ನ ಕೈಯಲ್ಲಿ ಕೇಳಿಸುವವರು ಅವರೇ! ಬೆಲ್ಟಿನಿಂದ ಹರ್ನಿಯಾ ವಾಸಿ ಆಗುವುದಿಲ್ಲ. ಗಂಟು ಒಳಗೆ ಹೋಗದೆ ಅಲ್ಲೇ ಉಳಿದರೆ ಕರುಳು ಸಿಕ್ಕಿಕೊಂಡು ರಕ್ತ ಓಡುವುದೇ ನಿಲ್ಲಬಹುದು. ಸರಿಯಾಗಿ ಕೇಳಿಸಿಕೋ: ಜೋರು ನೋವು ಬಂದರೆ, ವಾಂತಿ ಆದರೆ, ಗಂಟು ಕೆಂಪಾಗಿ ಗಟ್ಟಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಎಷ್ಟು ಹೊತ್ತಾಗಿದ್ದರೂ ಗಿರೀಶನನ್ನು ಎಬ್ಬಿಸಿ ಹೊರಡಿ. ಹೆದರಬೇಡ, ಹಾಗೆ ಆಗುವುದಿಲ್ಲ. ಆಗುವ ಮೊದಲೇ ಮಾಡಿಸಿಬಿಡೋಣ. ಈಗೆಲ್ಲ ಒಳಗೆ ಬಲೆ ಇಟ್ಟು ಹೊಲಿಯುತ್ತಾರೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆಗೆ ಕಳಿಸುತ್ತಾರೆ. ಕೆಲವು ವಾರ ಭಾರ ಎತ್ತುವ ಹಾಗಿಲ್ಲ ಅಷ್ಟೇ. ಈಗಲೂ ಎತ್ತುವುದು ಬೇಡ. ಸೊಸೈಟಿಯಿಂದ ಗೊಬ್ಬರದ ಚೀಲ ಅವರೇ ಹೊತ್ತು ತಂದರು ಅಂತ ಶೈಲಕ್ಕ ಹೇಳಿದಳು.

ಈ ವಾರವೇ ತೋರಿಸಿ. ಶಿವಮೊಗ್ಗವಾದರೂ ಸರಿ, ಆಗುಂಬೆ ಇಳಿದು ಮಣಿಪಾಲಕ್ಕಾದರೂ ಸರಿ. ಭಾವ ಜೊತೆಗೆ ಬರುತ್ತೇನೆ ಅಂದಿದ್ದಾರೆ. ಬಿ.ಪಿ. ಮಾತ್ರೆ ತಗೊಳ್ಳುತ್ತಿರುವುದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು, ಚೀಟಿ ತಗೊಂಡು ಹೋಗಿ. ತಾರೀಖು ಕೊಟ್ಟ ಕೂಡಲೇ ತಿಳಿಸಿದರೆ ನಾನು ಟಿಕೆಟ್ ಮಾಡುತ್ತೇನೆ. ಆಫೀಸಿನಲ್ಲಿ ರಜೆ ಕೇಳಿ ಆಗಿದೆ. ಆದರೆ ಮಗ ಬರಲಿ ಆಮೇಲೆ ನೋಡೋಣ ಅಂತ ಅಪ್ಪಯ್ಯ ಶುರು ಮಾಡಿದರೆ ಒಪ್ಪಬೇಡ. ನನಗೋಸ್ಕರ ಕಾಯುವುದೇ ಬೇಡ. ಬಾಗಿಲಿನ ಕೆಲಸ ಹೇಗೂ ಹವೆ ಬೆಚ್ಚಗಾಗುವ ತನಕ ಮುಂದೆ ಹೋಗುವುದಿಲ್ಲ, ಅದರ ನೆಪವೂ ಬೇಡ.

ಪುಟ್ಟಿಯ ಸ್ಕೂಲ್ ಬಸ್ಸಿನ ಹೊತ್ತಾಯಿತು, ಅವಳ ಬೂಟು ಇನ್ನೂ ಸಿಕ್ಕಿಲ್ಲ. ಶೈಲಕ್ಕ, ಭಾವನಿಗೆ ಕೇಳಿದೆ ಅಂತ ಹೇಳು. ಅಪ್ಪಯ್ಯನಿಗೆ ನಮಸ್ಕಾರ. ಡಾಕ್ಟರು ಏನಂದರು ಅಂತ ಅವತ್ತೇ ಫೋನ್ ಮಾಡು, ಸ್ಪೀಕರ್ ಹಾಕಬೇಡ.

ಇಂತಿ,
ರವಿ