ಹೆಗಲ ಮೇಲಿನ ಕೋವಿ: ಟೆಕ್ಸಾಸಿನ ಗೆಳೆಯನಿಗೊಂದು ಪತ್ರ

ಪ್ರೀತಿಯ ಸುಬ್ಬ,

ನೀನು ಪಿಸ್ತೂಲು ತೆಗೆದುಕೊಂಡ ಸುದ್ದಿ ಬಂದಾಗಿನಿಂದ ಬರೆಯಬೇಕು ಅಂತಲೇ ಇದ್ದೆ. ನಮ್ಮ ಶಾಲೆಯ ‘ಬೆಂಕಿಪೆಟ್ಟಿಗೆ’ ಮಾಸ್ತರರು ಇದ್ದಿದ್ದರೆ ನಿನ್ನ ಕೈಗೆ ಒಂದು ಕಡ್ಡಿಯನ್ನೂ ಕೊಡುತ್ತಿರಲಿಲ್ಲ ಅಂತ ನಮ್ಮವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಇದನ್ನು ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ. ಕೋವಿ ಇರುವ ಮನೆಗಳು ನಮ್ಮ ಕಡೆಯೂ ಬೇಕಾದಷ್ಟಿವೆ, ಅಲ್ವಾ?

ನಿನ್ನ ವಾದ ಗಟ್ಟಿಯಾಗಿದೆ ಮಾರಾಯ. ಎದುರಿನವನನ್ನು ಮಾತಿನಿಂದ ಒಪ್ಪಿಸಬಹುದು, ಇಲ್ಲವೇ ಬಲದಿಂದ ಬಗ್ಗಿಸಬಹುದು. ನನ್ನ ಹತ್ತಿರ ಪಿಸ್ತೂಲಿದ್ದರೆ ಬಲದ ದಾರಿ ಅವನಿಗೆ ಮುಚ್ಚುತ್ತದೆ, ಮಾತಾಡಲೇಬೇಕಾಗುತ್ತದೆ ಅಂತೀಯ. ಅಲ್ಲಿನ ಕಾನೂನೂ ನಿನ್ನ ಕಡೆಗಿದೆ. ಆತ್ಮರಕ್ಷಣೆಗೆ ಮನೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿತು. ಟೆಕ್ಸಾಸಿನಲ್ಲಂತೂ 2021ರ ಸೆಪ್ಟೆಂಬರಿನಿಂದ, 21 ತುಂಬಿದ, ಬೇರೆ ಕಾನೂನಿನ ಅಡ್ಡಿಯಿಲ್ಲದವರು ಲೈಸೆನ್ಸೇ ಇಲ್ಲದೆ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬಹುದು.

ಇಲ್ಲಿಯ ಕತೆ ನಿನಗೆ ಗೊತ್ತೇ ಇದೆ. ಬೆಳೆ ರಕ್ಷಣೆಯ ಕೋವಿಗೆ ಲೈಸೆನ್ಸ್, ಆಮೇಲೆ ಅದರ ನವೀಕರಣ. ಚುನಾವಣೆ ಬಂತೆಂದರೆ ಠಾಣೆಗೆ ಒಪ್ಪಿಸಿ ಬರಬೇಕು. ಆ ದಿನಗಳಲ್ಲಿ ತೋಟ ಹಂದಿಗಳದ್ದೇ. ಹಾಗಂತ ನಮ್ಮ ಕಾನೂನು ಸುಮ್ನೆ ಪೆಟ್ಟು ತಿನ್ನು ಅನ್ನುವುದಿಲ್ಲ. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಪೂರ್ತಿ ಆತ್ಮರಕ್ಷಣೆಯ ಹಕ್ಕಿನವು. ರಾತ್ರಿ ಮನೆ ಮುರಿದು ಒಳಗೆ ಬಂದವನ ಜೀವ ಹೋದರೂ ಆ ಹಕ್ಕು ನಮ್ಮನ್ನು ಕಾಯಬಹುದು. ಆದರೆ ಪೊಲೀಸರ ಹತ್ತಿರ ಹೋಗಲು ಸಮಯವಿದ್ದರೆ ಆ ಹಕ್ಕಿಲ್ಲ. ಅಗತ್ಯಕ್ಕಿಂತ ಜಾಸ್ತಿ ಹಾನಿ ಮಾಡುವಂತೆಯೂ ಇಲ್ಲ. ಇದು ನನಗೆ ಸರಿ ಕಾಣುತ್ತದೆ.

ಕೊಡಗಿನ ಕೊಡವರನ್ನು ನೋಡು ಅಂತ ನೀನು ಅಂದಿದ್ದೆ. ನೋಡಿದ್ದೇನೆ. 1861ರಿಂದ ಅವರಿಗೆ ಲೈಸೆನ್ಸಿನ ವಿನಾಯಿತಿ ಇದೆ. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ನಮ್ಮ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು. ಆದರೆ ಅವರ ಆಯುಧ ಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನ ದಿನ ಅವರು ಕೋವಿಗೆ ತೋಕ್ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಹಿರಿಯರ ಕಣ್ಣು, ಮನೆತನದ ಮರ್ಯಾದೆ, ದೇವರ ಭಯ ಎಲ್ಲ ಆ ಕೋವಿಯನ್ನು ಹಿಡಿದುಕೊಂಡಿರುತ್ತವೆ. ಅಂಗಡಿಯಿಂದ ಒಂಟಿಯಾಗಿ ತಂದ ಪಿಸ್ತೂಲಿಗೆ ಅದೆಲ್ಲ ಎಲ್ಲಿಂದ ಬರಬೇಕು?

ಇನ್ನೊಂದಿದೆ. ಹೇಳಲೋ ಬೇಡವೋ ಅಂತ ಇದ್ದೆ. ಈ ಸಲ ಹಳ್ಳಕ್ಕೆ ಹಾಕಿದ ಕಟ್ಟದ ನೀರಿನ ಸರದಿಗೆ ಪಕ್ಕದ ತೋಟದವರ ಜೊತೆ ತಕರಾರಿತ್ತು. ಅವರ ಮಾತಿನಲ್ಲೂ ನ್ಯಾಯವಿತ್ತು. ಎಷ್ಟು ಮಾತಾಡಿದರೂ ಮುಗಿದಿರಲಿಲ್ಲ. ಒಂದು ಸಂಜೆ ಮಂಗಗಳನ್ನು ಹೆದರಿಸಲು ಆಕಾಶಕ್ಕೊಂದು ಈಡು ಹಾರಿಸಿ ಬರುತ್ತಿದ್ದೆ. ತೋಡಿನ ಹತ್ತಿರ ಅವರು ಸಿಕ್ಕರು. ಎಂದಿನ ಹಾಗೇ ನೀರಿನ ಮಾತು ತೆಗೆದೆ. ದನಿ ಏರಿಸಲಿಲ್ಲ. ಅವರ ಕಣ್ಣು ನನ್ನ ಹೆಗಲಿಗೆ ಹೋಗಿ ಬಂತು. "ಆಯ್ತು ಭಾವ, ನೀವು ಹೇಳಿದ ಹಾಗೇ ಆಗಲಿ" ಅಂದರು.

ಒಪ್ಪಿದ್ದು ನನ್ನ ಮಾತಿಗಾ, ಕೋವಿಗಾ? ಅದನ್ನು ಬಿಡು ಸುಬ್ಬ. ಮನೆಗೆ ನಡೆಯುವಾಗ ನನಗೆ ಖುಷಿಯಾಗಿತ್ತು. ಎದೆಯಲ್ಲೊಂದು ಹಗುರ. ಬೆಳಿಗ್ಗೆ ಎದ್ದಾಗಲೂ ಅದು ಹೋಗಿರಲಿಲ್ಲ. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಖುಷಿಯೇ. ಇಂಥ ಗೆಲುವು ಒಮ್ಮೆ ರುಚಿಸಿದರೆ, ಮುಂದಿನ ಸಲ ಒಪ್ಪಿಸುವ ಕಷ್ಟ ಯಾರಿಗೆ ಬೇಕು?

ಇಬ್ಬರ ಹತ್ತಿರವೂ ಇದ್ದರೆ ಸಮ ಅಂತೀಯ. ಅವರ ಮನೆಯಲ್ಲೂ ಕೋವಿ ಇದೆ, ಅವತ್ತು ತಂದಿರಲಿಲ್ಲ ಅಷ್ಟೆ. ನಾಳೆ ಅವರೂ ಹೆಗಲಿಗೇರಿಸಿಕೊಂಡೇ ತೋಡಿಗೆ ಬಂದರೆ ನಾವು ನೀರಿನ ಮಾತಾಡುತ್ತೇವಾ? ಒಬ್ಬರ ಕೈಯನ್ನೊಬ್ಬರು ನೋಡುತ್ತಾ ನಿಲ್ಲುತ್ತೇವೆ.

ಪಿಸ್ತೂಲು ಮಾರಿಬಿಡು ಅನ್ನುವುದಿಲ್ಲ. ನಿಮ್ಮ ಬೀದಿಯಲ್ಲಿ ಕಳವಾದ ರಾತ್ರಿ ನೀನು ಹೆದರಿದ್ದು ನಿಜ. ಆದರೆ ಇದನ್ನೂ ನೋಡು. 2021ರಲ್ಲಿ ಅಮೆರಿಕದಲ್ಲಿ ಬಂದೂಕಿನಿಂದ ಸತ್ತವರು 48,830 ಜನ. ಅವರಲ್ಲಿ 26,328 ಜನ ತಮ್ಮ ಜೀವವನ್ನು ತಾವೇ ತೆಗೆದುಕೊಂಡವರು. ನಿನ್ನ ಮಗನಿಗೆ ಈಗ ಹದಿನಾರು. ನಮಗೆ ಆ ವಯಸ್ಸಿನಲ್ಲಿ ಒಂದು ಪರೀಕ್ಷೆ ಹೋದರೆ ಲೋಕವೇ ಮುಗಿದ ಹಾಗಿತ್ತು, ನೆನಪಿದೆಯಾ? ಗುಂಡು ಬೇರೆ ಕಡೆ ಇಡು, ಪಿಸ್ತೂಲಿಗೆ ಬೀಗ ಹಾಕು. ಬೀಗದ ಕೈ ನಿನ್ನ ಹತ್ತಿರ ಮಾತ್ರ ಇರಲಿ.

ಸಾಕು, ಪತ್ರ ಭಾರವಾಯಿತು. ಹಲಸಿನ ಹಪ್ಪಳ ಕಟ್ಟಿಟ್ಟಿದ್ದೇವೆ, ಅಕ್ಕ ಅಲ್ಲಿಗೆ ಬರುವಾಗ ತರುತ್ತಾಳೆ. ಬೀಗದ ವಿಷಯ ಮಾತ್ರ ಈ ವಾರವೇ ಬರೆ.

ನಿನ್ನ,
ತೋಟದ ಗೆಳೆಯ